ಸಿಂಧೂರ ಬಳಿದ ಚಾಸಿ

ತುಕ್ಕು ಅಂದರೇನು ಎಂದು ಯಾರಿಗಾದರೂ ತಿಳಿಯಬೇಕಾಗಿದ್ದರೆ ನನ್ನನ್ನು ಕೇಳಬೇಕು. ಇಪ್ಪತ್ತಮೂರು ದಿನ ಅದನ್ನು ಕೆರೆದಿದ್ದೇನೆ, ಉಸಿರಾಡಿದ್ದೇನೆ, ಮುದ್ದೆಯ ಜೊತೆ ನುಂಗಿದ್ದೇನೆ. ರಾತ್ರಿ ಕೆಮ್ಮಿದರೆ ಎಲೆಅಡಿಕೆ ಹಾಕಿದವನ ಹಾಗೆ ಕೆಂಪಗೆ ಬರುತ್ತಿತ್ತು. ನನ್ನ ಹೆಂಡತಿ ನೀಲಾಂಬಿಕೆ ಮೊದಲ ದಿನ ಹೆದರಿದಳು, ಆಮೇಲೆ ಅವಳಿಗೂ ಅಭ್ಯಾಸವಾಯಿತು.

ನಾನು ಪಾಲಾಕ್ಷ. ರಂಗಸ್ವಾಮಿಗೌಡರ ಬಸ್ಸನ್ನು ಹನ್ನೊಂದು ವರ್ಷ ಓಡಿಸಿದವನು. ಹಾಸನದಿಂದ ಹೊರಟು ಹೊಳೆನರಸೀಪುರ, ಅರಕಲಗೂಡು ಮುಟ್ಟಿ ಕೊಣನೂರಿಗೆ ಹೋಗಿ, ಮಾರನೆಯ ದಿನ ಅದೇ ದಾರಿಯಲ್ಲಿ ವಾಪಸ್ಸು. ಯುದ್ಧ ಬಂತು, ಪೆಟ್ರೋಲು ಹೋಯಿತು. ನಲವತ್ತೆರಡರಲ್ಲಿ ಬಸ್ಸು ಗೌಡರ ಮನೆಯ ಹಿತ್ತಲಿನ ಬೇವಿನ ಮರದಡಿ ನಿಂತದ್ದು ಮತ್ತೆ ಅಲ್ಲಾಡಲಿಲ್ಲ. ಗೌಡರು ನನ್ನನ್ನು ಕೈಬಿಡಲಿಲ್ಲ, ಆ ಮಾತು ಹೇಳಬೇಕು. ಬಸ್ಸಿನ ಬದಲು ಗೊಬ್ಬರದ ಗಾಡಿ ಕೊಟ್ಟರು. ಬಸ್ಸು ಬಿಡುವವನಿಗೆ ದಾರಿಯುದ್ದಕ್ಕೂ ಜನ ಕೈ ಎತ್ತುತ್ತಾರೆ, ಗೊಬ್ಬರದ ಗಾಡಿಯವನನ್ನು ಕಂಡರೆ ಅದೇ ಕೈಯಿಂದ ಮೂಗು ಮುಚ್ಚಿಕೊಳ್ಳುತ್ತಾರೆ. ಎರಡು ವರ್ಷ ಆ ಮೂಗುಗಳನ್ನೆಲ್ಲ ನೋಡಿದೆ. ನನಗೆ ಬೇಕಾಗಿದ್ದದ್ದು ಒಂದೇ. ಸಾಯುವುದರೊಳಗೆ ಮತ್ತೆ ಆ ಬಸ್ಸಿನ ಸ್ಟೇರಿಂಗ್ ಚಕ್ರ ಹಿಡಿದು ಕೂರಬೇಕು.

ಆ ಎರಡು ವರ್ಷದಲ್ಲಿ ಬಸ್ಸಿನ ಮರದ ಮೈಯನ್ನು ಗೆದ್ದಲು ತಿಂದು ಮುಗಿಸಿತ್ತು. ಎಂಜಿನ್ನು, ಟೈರುಗಳನ್ನು ಗೌಡರು ಒಳಗಿಡಿಸಿದ್ದರು. ಹಿತ್ತಲಲ್ಲಿ ಉಳಿದದ್ದು ಅಡಿಯ ಕಬ್ಬಿಣ ಮಾತ್ರ. ಎರಡು ಉದ್ದನೆಯ ತೊಲೆ, ಅವನ್ನು ಹಿಡಿದ ಅಡ್ಡಪಟ್ಟಿಗಳು. ಅದಕ್ಕೆ ನಾವು ಚಾಸಿ ಅನ್ನುತ್ತೇವೆ. ಬಸ್ಸೆಂದರೆ ಅದೇ, ಮಿಕ್ಕಿದ್ದೆಲ್ಲ ಮೇಲಿನ ಬಟ್ಟೆ.

ನಲವತ್ತನಾಲ್ಕರ ಮಾಗಿಯಲ್ಲಿ ಗೌಡರು ನನ್ನನ್ನು ಕರೆದರು. ಬೇವಿನ ಮರದಡಿ ನಿಂತು ಚಾಸಿಯನ್ನು ಕೋಲಿನಿಂದ ತಿವಿಯುತ್ತಿದ್ದರು. ಒಂದೊಂದು ತಿವಿತಕ್ಕೂ ಹಪ್ಪಳದಂಥ ಚೂರು ಉದುರುತ್ತಿತ್ತು.

“ನೋಡ್ಲಾ ಪಾಲಾಕ್ಷ, ಪೆಟ್ರೋಲ್ ಬದ್ಲು ಇದ್ದಿಲು ಆಕಿ ಬಸ್ಸು ಓಡ್ಸೋ ಗ್ಯಾಸ್ ಪ್ಲಾಂಟು ಬಂದೈತಂತೆ. ಬೆಂಗ್ಳೂರಿಂದ ತರಿಸ್ಬೋದು. ಆದ್ರೆ ಈ ಚಾಸಿ ನೋಡಿದ್ರೆ ನಂಗೆ ಧೈರ್ಯ ಬರಾಕಿಲ್ಲ. ಗುಜರಿಯೋನು ಬಂದು ಕೇಳ್ಕಂಡು ಓಗವ್ನೆ. ಯುದ್ಧ ಅಂತ ಕಬ್ಬಿಣಕ್ಕೆ ಎಲ್ಲಿಲ್ಲದ ಬೇಡಿಕೆ.”

“ಒಂದ್ ತಿಂಗ್ಳು ಕೊಡಿ ಗೌಡ್ರೆ. ತುಕ್ಕು ತೆಗ್ದು ಬಣ್ಣ ಒಡ್ದು ನಿಲ್ಲಿಸ್ತೀನಿ.”

ಗೌಡರು ನನ್ನನ್ನೂ ಚಾಸಿಯನ್ನೂ ನೋಡಿದರು. ಇಬ್ಬರಲ್ಲಿ ಯಾರು ಹೆಚ್ಚು ಹಳಬರೆಂದು ಅಳೆಯುತ್ತಿದ್ದರೋ ಏನೋ.

“ಆಗ್ಲಿ. ತಿಂಗ್ಳು ತುಂಬಿದ ಸೋಮ್ವಾರ ಬಂದು ಕೈ ಇಟ್ಟು ನೋಡ್ತೀನಿ. ಕೈಗೆ ತುಕ್ಕು ಅಂಟ್ನಿಲ್ಲ ಅಂದ್ರೆ ಬಸ್ಸು ಓಡ್ತದೆ, ಡ್ರೈವರು ನೀನೆ. ಅಂಟ್ತೋ, ಗುಜರಿಯೋನು ಅಲ್ಲೇ ನಿಂತಿರ್ತಾನೆ. ಆಮ್ಯಾಕೆ ನನ್ ಬೈಬ್ಯಾಡ.”

ಅವತ್ತೇ ಶುರು ಮಾಡಿದೆ. ಜೊತೆಗೆ ಗಂಗಯ್ಯ ಬಂದ. ಅವನು ಮೊದಲು ನನ್ನ ಬಸ್ಸಿನಲ್ಲೇ ಕ್ಲೀನರಾಗಿದ್ದವನು, ಈಗ ಮೂವತ್ತು ದಾಟಿದ ಗಂಡಸು. ಅವನಿಗೆ ಚಕ್ರ ಹಿಡಿಯುವುದನ್ನು ಕಲಿಸಿದವನೂ ನಾನೇ. ಉಳಿಯಲ್ಲಿ ದಪ್ಪ ತುಕ್ಕು ಎಬ್ಬಿಸಿದೆವು, ತಂತಿ ಬ್ರಷ್ಷಿನಲ್ಲಿ ಉಜ್ಜಿದೆವು. ಬ್ರಷ್ಷು ಸವೆದುಹೋಯಿತು, ಇನ್ನೊಂದು ಸಿಗಲಿಲ್ಲ. ಆಮೇಲೆ ಇಟ್ಟಿಗೆ ಚೂರು, ಮರಳು, ತೆಂಗಿನ ನಾರು. ಸೀಮೆಎಣ್ಣೆ ರೇಷನ್ನಿನದು, ದೀಪಕ್ಕೇ ಸಾಲದು. ಹುಣಸೆಹಣ್ಣು ಕಿವುಚಿ ಬಳಿದು, ತೊಳೆದು, ಒರೆಸಿ, ಬಿಸಿಲಿಗೆ ಬಿಟ್ಟೆವು. ಬೆಳಿಗ್ಗೆ ಬಂದು ನೋಡಿದರೆ ಇಬ್ಬನಿ ಬಿದ್ದು ನಿನ್ನೆ ಉಜ್ಜಿದ ಜಾಗದಲ್ಲಿ ಮತ್ತೆ ಅರಿಶಿನದ ಹಾಗೆ ತೆಳ್ಳಗೆ ಎದ್ದಿರುತ್ತಿತ್ತು. ತುಕ್ಕಿಗೆ ನಾಚಿಕೆ ಅನ್ನುವುದೇ ಇಲ್ಲ. ಕೆಲವು ದಿನ ಚಾಸಿಯ ಕೆಳಗೆ ಅಂಗಾತ ಮಲಗಿ ಉಜ್ಜುತ್ತಾ ಅಲ್ಲೇ ನಿದ್ದೆಹೋಗುತ್ತಿದ್ದೆ. ಗಂಗಯ್ಯ ಕಾಲು ಹಿಡಿದು ಎಳೆಯುವವರೆಗೂ ಎಚ್ಚರವಾಗುತ್ತಿರಲಿಲ್ಲ.

ಅಂತೂ ಒಂದು ದಿನ ಕಬ್ಬಿಣ ಕಬ್ಬಿಣವಾಗಿ ಕಂಡಿತು. ಬೆಳ್ಳಗಲ್ಲ, ಬೂದುಬಣ್ಣಕ್ಕೆ, ಆದರೆ ಗಟ್ಟಿಯಾಗಿ. ತಟ್ಟಿದರೆ ಗಂಟೆಯ ನಾದ. ಗಂಗಯ್ಯ ನಕ್ಕ, ನಾನು ಅಳುವುದೊಂದು ಬಾಕಿ.

ಆದರೆ ಬರಿಯ ಕಬ್ಬಿಣವನ್ನು ಎರಡು ದಿನ ಹಾಗೇ ಬಿಟ್ಟರೆ ಪಟ್ಟ ಪಾಡೆಲ್ಲ ನೀರುಪಾಲು. ಮೊದಲು ರೆಡ್‌ಲೆಡ್ ಅನ್ನುವ, ತುಕ್ಕು ತಡೆಯುವ ಸೀಸದ ಕೆಂಪು ಬಣ್ಣ ಹೊಡೆಯಬೇಕು, ಅದು ಒಣಗಿದ ಮೇಲೆ ಕಪ್ಪು ಬಣ್ಣ. ಕಪ್ಪು ಬಣ್ಣ ಗೌಡರ ಹತ್ತಿರ ಒಂದು ಡಬ್ಬಿ ಇತ್ತು. ರೆಡ್‌ಲೆಡ್ ಹಾಸನದ ಅಂಗಡಿಯಲ್ಲಿ ಇಲ್ಲ, ಹೊಳೆನರಸೀಪುರದಲ್ಲಿ ಇಲ್ಲ. ಯಾರದೋ ಗಾಡಿ ಹತ್ತಿ ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿನ ಅಂಗಡಿಯವನು ನನ್ನ ಮುಖ ನೋಡಿ ನಕ್ಕ.

“ಎಲ್ಲಿಂದ ಬತ್ತದೆ ಯಜಮಾನ್ರೆ? ಈಗ ರೆಡ್‌ಲೆಡ್ ಇರೋದು ಮಿಲಿಟರಿಯೋರ ತಾವ, ಇಲ್ದಿದ್ರೆ ಆಂಜನೇಯನ ಮೈ ಮ್ಯಾಲೆ.”

“ಅಂದ್ರೆ?”

“ಸಿಂಧೂರ ಅಂದ್ರೂ ಅದೇ ಪುಡಿಯೇ ಅಲ್ವರಾ? ಗುಡಿಗೆ ಓದ್ರೆ ಸಿಂಧೂರ, ಷೆಡ್ಡಿಗೆ ಬಂದ್ರೆ ರೆಡ್‌ಲೆಡ್.”

ಅವನು ತಮಾಷೆಗೆ ಹೇಳಿದ. ನಾನು ಹಾಸನಕ್ಕೆ ಬರುವವರೆಗೂ ಅದನ್ನೇ ಯೋಚಿಸಿದೆ. ನಾನು ಲಿಂಗ ಕಟ್ಟಿದವನು. ಹನುಮಂತನ ಗುಡಿ ಎದುರಾದರೆ ಕೈ ಮುಗಿಯುತ್ತೇನೆ, ಅಲ್ಲಿಗೆ ಮುಗಿಯಿತು. ಅದು ಪುಡಿ, ಎಣ್ಣೆ, ಬಣ್ಣ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೆಯ ಬೆಳಿಗ್ಗೆ ಸಾಲಗಾಮೆ ದಾರಿಯಲ್ಲಿ ಕೆರೆ ಏರಿಯ ಮೇಲಿದ್ದ ಒಂದು ಗುಡಿಗೆ ನಡೆದುಹೋದೆ. ಅರ್ಚಕರು ವಯಸ್ಸಾದವರು, ಮಂಡಿ ಊದಿಕೊಂಡಿತ್ತು. ಕೊಣನೂರು ಕಡೆಯವನೆಂದೆ. ನಮ್ಮ ಕಡೆಯ ಆಂಜನೇಯನಿಗೆ ಸಿಂಧೂರದ ಕವಚ ಬಿದ್ದುಹೋಗಿದೆ, ಎಲ್ಲೂ ಸಿಂಧೂರ ಸಿಗುತ್ತಿಲ್ಲ ಎಂದೆ. ಸುಳ್ಳು ನಾಲಿಗೆಯ ತುದಿಯಲ್ಲೇ ಕಾಯುತ್ತಿದ್ದ ಹಾಗೆ ಸಲೀಸಾಗಿ ಬಂತು.

“ಅಯ್ಯೋ, ಕವಚ ಬಿದ್ದ ದೇವರನ್ನು ಬರಿಮೈಯಲ್ಲಿ ನಿಲ್ಲಿಸಬಾರದಪ್ಪ. ಎಷ್ಟು ಎತ್ತರ ಇದ್ದಾನೆ ಸ್ವಾಮಿ?”

ನನ್ನ ತಲೆಯಲ್ಲಿ ಇದ್ದದ್ದು ಚಾಸಿ. “ಅದ್ನಾಲ್ಕು ಅಡಿ” ಅಂದುಬಿಟ್ಟೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಹದಿನಾಲ್ಕು ಅಡಿ! ಕೊಣನೂರಿನ ಕಡೆ ಅಷ್ಟು ದೊಡ್ಡ ಸ್ವಾಮಿ ಇದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ಒಂದು ಸಲ ಬಂದು ದರ್ಶನ ಮಾಡಬೇಕು.”

ಒಳಗೆ ಹೋಗಿ ಇದ್ದಬದ್ದ ಸಿಂಧೂರವನ್ನೆಲ್ಲ ತಂದು ಮಡಕೆಗೆ ಸುರಿದರು. ನಿಮ್ಮ ದೇವರಿಗೆ ಉಳಿಯಿತೇ ಎಂದು ಕೇಳಿದೆ. “ನಮ್ಮವನಿಗೆ ಮುಂದಿನ ವರ್ಷ ನೋಡೋಣ. ಅವನು ಇವನು ಬೇರೆಯೇನಪ್ಪ?” ಅಂದರು. ಆಮೇಲೆ ಆ ನೋಯುವ ಮಂಡಿಯನ್ನು ಮಡಚಿಕೊಂಡು ಕೂತು, ಮಂತ್ರ ಹೇಳುತ್ತಾ, ಎಳ್ಳೆಣ್ಣೆ ಹೊಯ್ದು ತಾವೇ ಕಲೆಸತೊಡಗಿದರು. ಬೇಡ ಎಂದು ಕೈ ಎತ್ತಿದವನು ಇಳಿಸಿಕೊಂಡೆ. ಬೇಡವೆಂದರೆ ಯಾಕೆಂದು ಹೇಳಬೇಕು. ರೆಡ್‌ಲೆಡ್ಡಿಗೆ ಹಾಕುವುದು ಅಗಸೆ ಎಣ್ಣೆ, ಅದು ಒಣಗುತ್ತದೆ. ಎಳ್ಳೆಣ್ಣೆ ಒಣಗುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ಅಷ್ಟು ಸುಸ್ತಾದವನಿಗೆ ಗೊತ್ತಿರುವುದೂ ಗೊತ್ತಿಲ್ಲದ ಹಾಗಾಗುತ್ತದೆ. ಬಿಸಿಲು ಚೆನ್ನಾಗಿದೆ, ಹೇಗೋ ಆದೀತು ಎಂದುಕೊಂಡು ಮಡಕೆ ಹೊತ್ತು ಬಂದೆ. ದಾರಿಯಲ್ಲಿ ಎದುರಾದ ಇಬ್ಬರು ಮಡಕೆಗೆ ಕೈ ಮುಗಿದರು. ನಾನು ತಲೆ ತಗ್ಗಿಸಿಕೊಂಡು ನಡೆದೆ.

ಅವತ್ತೇ ಬಳಿದೆವು. ಗಂಗಯ್ಯ ಎರಡು ಸಲ ಮೂಸಿ ನೋಡಿದ.

“ಇದೇನ್ ಪಾಲಾಕ್ಷಣ್ಣ, ದೇವ್ರ ಮನೆ ವಾಸ್ನೆ ಒಡೀತದೆ?”

“ಪಟ್ಣದ ಬಣ್ಣ ಕಣ್ಲಾ. ಮೂಗು ಮುಚ್ಕಂಡು ಬಳಿ.”

ಸಂಜೆಗೆ ಚಾಸಿ ಮದುವೆಯ ಹೆಣ್ಣಿನ ಹಾಗೆ ಕೆಂಪಗೆ ನಿಂತಿತು. ಸೋಮವಾರಕ್ಕೆ ಐದು ದಿನ ಇತ್ತು.

ಮೊದಲ ದಿನ ಬೆರಳಿಟ್ಟು ನೋಡಿದೆ, ಹಸಿ. ಎರಡನೆಯ ದಿನವೂ ಹಸಿ. ಮೂರನೆಯ ದಿನ ಅಡ್ಡಪಟ್ಟಿಗಳ ಕೆಳಗೆ ಕೆಂಡದ ಬಾಣಲೆ ಇಟ್ಟೆ. ಎಣ್ಣೆ ಬೆವರಿ ಇನ್ನಷ್ಟು ಮಿನುಗಿತು. ಬೀದಿಯ ಧೂಳೆಲ್ಲ ಬಂದು ಕೂತು ಒಳ್ಳೆಯ ಕೆಂಪು ಬಣ್ಣ ಕಂದಿ, ನಾನು ಇಪ್ಪತ್ತಮೂರು ದಿನ ಕೆರೆದು ತೆಗೆದ ಬಣ್ಣಕ್ಕೇ ತಿರುಗಿತು. ಒರೆಸಿ ತೆಗೆದುಬಿಡೋಣ ಎಂದು ಗಂಗಯ್ಯ ಹೇಳಿದ. ಒರೆಸಿದರೆ ಬರಿಯ ಕಬ್ಬಿಣ, ಒಂದು ಇಬ್ಬನಿಗೆ ಮತ್ತೆ ತುಕ್ಕು. ಕೂತುಬಿಟ್ಟೆ. ಭಾನುವಾರ ಇಡೀ ದಿನ ಚಾಸಿಯ ಪಕ್ಕದಲ್ಲಿ ಕೂತು ನೊಣ ಓಡಿಸಿದೆ. ಒಂದು ಕೂದಲಿನಷ್ಟೂ ಒಣಗಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸೋಮವಾರ ಬೆಳಿಗ್ಗೆ ಗೌಡರು ಬಂದರು. ಹಿಂದೆ ಗುಜರಿಯವನು, ಅವನ ಇಬ್ಬರು ಆಳುಗಳು, ಹೆಗಲ ಮೇಲೆ ದೊಡ್ಡ ಸುತ್ತಿಗೆಗಳು. ಗೌಡರು ಹೇಳಿದ ಮಾತಿನಂತೆ ಅಂಗೈಯನ್ನು ಉದ್ದನೆಯ ತೊಲೆಯ ಮೇಲೆ ಊರಿ ಎತ್ತಿದರು. ಅಂಗೈ ಇಡೀ ಕೆಂಗಂದು.

“ನೋಡ್ದಾ? ಇನ್ನೂ ಬಿಡ್ತಾ ಐತೆ ತುಕ್ಕು.”

“ತುಕ್ಕಲ್ಲ ಗೌಡ್ರೆ, ಬಣ್ಣ. ಒಣಗಿಲ್ಲ ಅಷ್ಟೇಯ.”

“ಐದು ದಿನದಲ್ಲಿ ಒಣಗದ ಬಣ್ಣ ಯಾವ ಸೀಮೇದ್ಲಾ? ಯಾವ ಅಂಗ್ಡೀಲಿ ತಂದೆ, ಏಳು.”

ಯಾವ ಅಂಗಡಿಯ ಹೆಸರು ಹೇಳಲಿ? ಗೌಡರು ಪಂಚೆಯ ಅಂಚಿಗೆ ಕೈ ಒರೆಸಿಕೊಂಡರು. ಅವರ ಮುಖದಲ್ಲಿ ಕೋಪ ಇರಲಿಲ್ಲ, ಮರುಕ ಇತ್ತು. ಅದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟ. “ಆಯ್ತು ಬುಡು ಪಾಲಾಕ್ಷ. ನೀನೂ ದಣಿದೆ, ಅದೂ ದಣೀತು” ಎಂದು ಹೇಳಿ ಗುಜರಿಯವನಿಗೆ ತಲೆಯಾಡಿಸಿದರು. ಒಬ್ಬ ಆಳು ಅಂಗೈಗೆ ಉಗುಳಿಕೊಂಡು ಸುತ್ತಿಗೆ ಎತ್ತಿದ.

ಸುಮ್ಮನಿದ್ದಿದ್ದರೆ ಎರಡು ಏಟಿಗೆ ಎಲ್ಲ ಮುಗಿಯುತ್ತಿತ್ತು. ಮತ್ತೆ ಗೊಬ್ಬರದ ಗಾಡಿ, ಮನೆ, ನಿದ್ದೆ. ಆ ನಿದ್ದೆಯ ಆಸೆ ನನಗೆ ಇರಲಿಲ್ಲ ಎಂದು ಹೇಳಲಾರೆ. ಆದರೆ ಸುತ್ತಿಗೆ ಮೇಲೆ ಹೋದದ್ದನ್ನು ಕಂಡ ಕೂಡಲೇ ಕೂಗಿಬಿಟ್ಟೆ.

“ಒಡೀಬ್ಯಾಡ ಕಣಯ್ಯಾ! ಅದು ಆಂಜನೇಯನ ಸಿಂಧೂರ!”

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಆಳು ಅದನ್ನು ಮೆಲ್ಲಗೆ ಕೆಳಗಿಟ್ಟು, ಚಪ್ಪಲಿ ಬಿಟ್ಟು ಹಿಂದೆ ಸರಿದ. ಗಂಗಯ್ಯ ತನ್ನ ಎರಡೂ ಕೈಗಳನ್ನು ನೋಡಿಕೊಂಡು ಕೆನ್ನೆಗೆ ಬಡಿದುಕೊಂಡ. ಗೌಡರು ಪಂಚೆಯ ಅಂಚಿನ ಕಲೆಯನ್ನು ನೋಡಿ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತರು. ಗಲಾಟೆಗೆ ಅಡಿಗೆಮನೆಯ ಬಾಗಿಲಿನಿಂದ ಗೌಡರ ತಾಯಿ ದೊಡ್ಡತಾಯಮ್ಮ ಈಚೆ ಬಂದರು. ಎಂಬತ್ತರ ಹತ್ತಿರದ ಹೆಂಗಸು, ಆ ಮನೆಯಲ್ಲಿ ಕೊನೆಯ ಮಾತು ಅವರದೇ. ಬಗ್ಗಿ ತೊಲೆಯನ್ನು ಬೆರಳಲ್ಲಿ ಮುಟ್ಟಿ, ಮೂಸಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡರು.

“ನಿಜ ಏಳ್ಲಾ ಪಾಲಾಕ್ಷ. ಎಲ್ಲಿಂದ ತಂದೆ?”

ಹೇಳಿದೆ. ಗುಡಿ, ಮಡಕೆ, ಕೊಣನೂರಿನ ಸುಳ್ಳು, ಹದಿನಾಲ್ಕು ಅಡಿ, ಮುಂದಿನ ವರ್ಷಕ್ಕೆ ನೋಡೋಣ ಎಂದ ಅರ್ಚಕರು, ಒಂದನ್ನೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಮೈ ಹಗುರಾಗುತ್ತದೆಂದು ಜನ ಅನ್ನುತ್ತಾರೆ, ನನಗೇನೂ ಆಗಲಿಲ್ಲ. ಕಾಲು ನೋಯುತ್ತಿತ್ತು ಅಷ್ಟೆ.

ಗೌಡರು ತಲೆ ಕೆರೆದುಕೊಂಡರು. “ಒಡಿಯಂಗಿಲ್ಲ. ದೇವ್ರ ಮೈ ಮ್ಯಾಲೆ ಕಪ್ಪು ಬಳಿಯಂಗಿಲ್ಲ. ಇದ್ರ ಮ್ಯಾಲೆ ಜನ ಕುಂತ್ರೆ ತುಳ್ದಂಗೆ ಆಯ್ತದೆ. ಈಗ ಇಲ್ಲೇ ಒಂದು ಗುಡಿ ಕಟ್ಟಾನಾ, ಏನವ್ವ?”

ದೊಡ್ಡತಾಯಮ್ಮ ಹೂಂ ಅಂದುಬಿಟ್ಟರೆ ಚಾಸಿ ಅಲ್ಲೇ ದೀಪ ಹಚ್ಚಿಸಿಕೊಂಡು ನಿಲ್ಲುತ್ತಿತ್ತು. ಅದು ಗುಜರಿಗೆ ಹೋದರೆಷ್ಟು, ಗುಡಿಯಾದರೆಷ್ಟು, ನನಗೆ ಎರಡೂ ಒಂದೇ. ಅವರ ಮುಂದೆ ಹೋಗಿ ನಿಂತೆ.

“ಅವ್ವ, ಒಂದು ಮಾತು. ರಾಮ ಲಕ್ಷ್ಮಣರು ಅವನ ಎಗಲ ಮ್ಯಾಲೆ ಕಾಲು ಇಳೇಬಿಟ್ಕಂಡು ಕುಂತಿರಲಿಲ್ವಾ? ಬೆಟ್ಟಾನೆ ಒತ್ಕಂಡು ಬಂದೋನು ಅವನು. ಮೂವತ್ತು ಜನ ಒತ್ಕಂಡು ಕೊಣನೂರಿಗೆ ಓಗೋದು ಅವ್ನಿಗೆ ಅವಮಾನ್ವಾ? ಬಾಣಂತೀರು, ಕಾಯಿಲೆಯೋರು ಎರಡು ವರ್ಷದಿಂದ ನಡ್ದೇ ಓಯ್ತಾವ್ರೆ. ಒರೋದು ಅವ್ನ ಕಸುಬು ಕಣವ್ವ. ನಿಲ್ಲಿಸಿ ದೀಪ ಅಚ್ಚಿದ್ರೆ ಅವ್ನಿಗೇ ಬೇಜಾರಾಯ್ತದೆ.”

ಅಷ್ಟುದ್ದ ನಾನು ಯಾವತ್ತೂ ಮಾತಾಡಿದವನಲ್ಲ. ದೊಡ್ಡತಾಯಮ್ಮ ಮಗನ ಕಡೆ ತಿರುಗಿದರು.

“ಸರಿಯಾಗಿ ಏಳ್ದ. ಓಡ್ಲಿ ಬಸ್ಸು. ಕಪ್ಪು ಬಳೀಬ್ಯಾಡ, ಇಂಗೇ ಇರ್ಲಿ. ಎಣ್ಣೆ ಕುಡ್ದಿರೋ ಕಬ್ಬಿಣ ತುಕ್ಕೂ ಇಡಿಯಾಕಿಲ್ಲ.”

ಆಮೇಲೆ ಅವರು ನನ್ನ ಕಡೆ ತಿರುಗಿದರು.

“ಆದ್ರೆ ದೇವ್ರ ಎಸ್ರಲ್ಲಿ ಸುಳ್ಳಾಡಿ ತಂದೋನು ಆ ದೇವ್ರನ್ನ ನಡಸಬಾರ್ದು. ಚಕ್ರ ಗಂಗಯ್ಯ ಇಡ್ಕಳ್ಳಿ. ಶನಿವಾರ ಆಂಜನೇಯಂಗೆ ಒಪ್ಪೊತ್ತು ಇರೋನು ಅವ್ನು.”

ಗೌಡರು ಏನೋ ಹೇಳಲು ಹೋದರು. ಅವರಮ್ಮ ಆಗಲೇ ಬಾಗಿಲು ದಾಟಿದ್ದರು.

ಅವತ್ತೇ ಸಾಲಗಾಮೆ ದಾರಿ ಹಿಡಿದು ಅರ್ಚಕರಿಗೆ ಎಲ್ಲ ಹೇಳಿ ಕಾಲಿಗೆ ಬಿದ್ದೆ. ಅವರು “ಅಂತೂ ಹದಿನಾಲ್ಕು ಅಡಿ ಅಂದದ್ದು ನಿಜ ತಾನೇ?” ಎಂದು ಕೇಳಿದರು. ಆಮೇಲೆ ನಗಲಾರದೆ ನಕ್ಕು ಕ್ಷಮಿಸಿದೆ ಹೋಗು ಅಂದರು. ಓಡಿಬಂದು ದೊಡ್ಡತಾಯಮ್ಮನಿಗೆ ತಿಳಿಸಿದೆ, ಅರ್ಚಕರೇ ಕ್ಷಮಿಸಿದರೆಂದು. ಅವರು ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಡಲಿಲ್ಲ.

“ಅವ್ರು ಒಳ್ಳೇವ್ರು ಕಣಪ್ಪ. ನಾನು ಅಷ್ಟು ಒಳ್ಳೇವ್ಳಲ್ಲ.”

ಗ್ಯಾಸ್ ಪ್ಲಾಂಟು ಬಂತು. ನೀರು ಕಾಯಿಸುವ ಹಂಡೆಯಂಥದ್ದು, ಬಸ್ಸಿನ ಬೆನ್ನಿಗೆ ಕಟ್ಟಿದರು. ಬಡಗಿಗಳು ಮೈ ಕೂಡಿಸಿದರು. ಎಂಜಿನ್ನನ್ನು ನಾನೇ ಕೂರಿಸಿದೆ, ಒಂದೊಂದು ಬೋಲ್ಟನ್ನೂ ನಾನೇ ಬಿಗಿದೆ. ಬಸ್ಸು ಎದ್ದು ನಿಂತ ಮೇಲೆ ಇದ್ದಿಲು ತುಂಬಿ ಬೆಂಕಿ ನೋಡಿಕೊಳ್ಳಲು ಒಬ್ಬ ಬೇಕಾಯಿತು. ಬರುತ್ತೀಯಾ ಎಂದು ಗೌಡರು ನನ್ನ ಮುಖ ನೋಡದೆ ಕೇಳಿದರು. ಹೂಂ ಅಂದೆ. ಗೊಬ್ಬರದ ಗಾಡಿಗಿಂತ ಅದೇ ವಾಸಿ ಎಂದುಕೊಂಡೆನೋ, ಬಸ್ಸನ್ನು ಬಿಟ್ಟಿರಲಾರದೆ ಹೇಳಿದೆನೋ, ಈಗಲೂ ನನಗೆ ಸರಿಯಾಗಿ ತಿಳಿಯದು.

ನೀಲಾಂಬಿಕೆಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಶನಿವಾರ ಬಸ್ಸು ಹೊರಡುತ್ತದೆ, ನಾನು ಹೋಗುತ್ತೇನೆ ಎಂದಷ್ಟೇ ಹೇಳಿದ್ದೆ. ಅವಳು ತಲೆಗೆ ಎಣ್ಣೆ ಹಾಕಿ ಬಾಚಿ, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಒಂದು ಮೊಳ ಹೂವು ಹಿಡಿದು ಬಂದಳು. ಜನರನ್ನು ಸರಿಸಿಕೊಂಡು ನೇರವಾಗಿ ಬಸ್ಸಿನ ಮುಂದಕ್ಕೆ ಹೋದಳು. ಡ್ರೈವರ್ ಸೀಟಿನ ಕೆಳಗೆ ನಿಂತು ಮುಖವೆತ್ತಿ ನೋಡಿದಳು. ಗಂಗಯ್ಯ ಏನು ಹೇಳಿದನೋ ನನಗೆ ಕೇಳಲಿಲ್ಲ, ಕೈ ಮಾತ್ರ ಹಿಂದಕ್ಕೆ ತೋರಿಸಿತು. ಅವಳು ಬಸ್ಸಿನ ಉದ್ದಕ್ಕೂ ನಡೆದು ಹಿಂದಕ್ಕೆ ಬರುವುದನ್ನು ಹೊಗೆಯ ನಡುವೆ ನೋಡುತ್ತಾ ನಿಂತೆ. ಮೋರೆಯೆಲ್ಲ ಇದ್ದಿಲು. ನೆಲ ಬಿರಿಯಬಾರದೇ ಅನ್ನಿಸಿತು.

ಅವಳು ಹೂವನ್ನು ಎಲ್ಲಿ ಮುಡಿಸುವುದೆಂದು ಸುತ್ತ ನೋಡಿ, ಜಾಗ ಕಾಣದೆ ಮುಷ್ಟಿಯಲ್ಲೇ ಇಟ್ಟುಕೊಂಡಳು.

“ಬುತ್ತಿ ಎಲ್ಲಿ ಉಣ್ತೀರಿ?”

“ಅರಕಲಗೂಡಲ್ಲಿ.”

“ಉಣ್ಣೋಕೆ ಮೊದ್ಲು ಕೈ ತೊಳ್ಕಳಿ” ಅಂದಳು. ಅಷ್ಟರಲ್ಲಿ ಗಂಗಯ್ಯ ಹಾರ್ನ್ ಹೊಡೆದ.

ಬಸ್ಸು ಹೊರಟಿತು. ನಾನು ಹಿಂದಿನ ತಗಡಿನ ಮೆಟ್ಟಿಲ ಮೇಲೆ ಹಿಂದುಮುಂದಾಗಿ ನಿಂತಿದ್ದೆ. ಹಾಸನ ನನ್ನೆದುರಿಗೇ ಸಣ್ಣದಾಗುತ್ತಾ ಹೋಯಿತು. ಊರಾಚೆಯ ಏರಿನಲ್ಲಿ ಗಂಗಯ್ಯ ಗೇರು ಬದಲಾಯಿಸಲು ಹೋದ, ಕಬ್ಬಿಣ ಹಲ್ಲು ಕಡಿಯಿತು. ನನ್ನ ಎಡಗಾಲು ತಾನಾಗಿಯೇ ತಗಡನ್ನು ಅದುಮಿತು. ಮತ್ತೆ ಹಲ್ಲು ಕಡಿಯಿತು, ಮತ್ತೆ ಅದುಮಿತು. ಕೊಣನೂರು ಮುಟ್ಟುವವರೆಗೂ ಆ ಕಾಲಿಗೆ ಬುದ್ಧಿ ಹೇಳಿ ಹೇಳಿ ಸೋತೆ, ಇಲ್ಲಿ ಕ್ಲಚ್ ಇಲ್ಲ ಎಂದು.